ಸ್ಕೇಲು, ಪೆನ್ಸಿಲ್ ಹಿಡಿದು ರೆನೈಸಾನ್ಸ್ ಚಿತ್ರ ನೋಡುವುದು ಹೇಗೆ?

ಹೆಸರು, ಇಸವಿ ಬಾಯಿಪಾಠ ಮಾಡೋದು ಪರೀಕ್ಷೆಗೆ ಸಾಕು. ಆದರೆ ರೆನೈಸಾನ್ಸ್, ಅಂದರೆ ಯುರೋಪಿನ ಪುನರುಜ್ಜೀವನದ ಕಾಲದಲ್ಲಿ, ಇಟಲಿಯ ಚಿತ್ರಗಳಲ್ಲಿ ನಿಜವಾಗಿ ಏನು ಬದಲಾಯ್ತು ಅಂತ ಗೊತ್ತಾಗಬೇಕಾದರೆ ಗೆರೆ ಎಳೆದೇ ನೋಡಬೇಕು.

ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ ಎರಡು ಪ್ರಿಂಟ್ ತೆಗೆಸಿ. ಕಪ್ಪು ಬಿಳುಪು ಸಾಕು, ಕಲರ್‌ಗೆ ಸುಮ್ನೆ ದುಡ್ಡು ದಂಡ. ಎರಡರ ವಿಷಯವೂ ಒಂದೇ, ಏಸುವಿನ ಕೊನೆಯ ಭೋಜನ. ಒಂದು, 1305ರ ಸುಮಾರಿಗೆ ಪಾದುವಾದಲ್ಲಿ ಜೊಟ್ಟೊ ಬರೆದದ್ದು. ಇನ್ನೊಂದು, ಮಿಲಾನಿನಲ್ಲಿ ಲಿಯೊನಾರ್ಡೊ 1495ರಿಂದ 1498ರವರೆಗೆ ಬರೆದದ್ದು.

ಈಗ ಸ್ಕೇಲ್ ಇಟ್ಟು ಚಾವಣಿಯ ಅಂಚುಗಳನ್ನು ಹಿಂದಕ್ಕೆ ಎಳೆಯುತ್ತಾ ಹೋಗಿ. ಜೊಟ್ಟೊನ ಮನೆಗೆ ಆಳ ಇದೆ, ಜನರ ಮೈಗೆ ತೂಕವೂ ಇದೆ, ಆದರೆ ಗೆರೆಗಳೆಲ್ಲ ಒಂದೇ ಕಡೆ ಸೇರೋದಿಲ್ಲ. ಲಿಯೊನಾರ್ಡೊನಲ್ಲಿ ಚಾವಣಿಯ ತೊಲೆ, ಗೋಡೆಗೆ ತೂಗುಬಿಟ್ಟ ಬಟ್ಟೆಯ ಅಂಚು ಎಲ್ಲವೂ ಏಸುವಿನ ಬಲ ಕಣತಲೆಯ (ಕಣ್ಣು, ಕಿವಿಯ ನಡುವಿನ ಜಾಗ) ಹತ್ರ ಕೂಡುತ್ತವೆ. ಅವನು ಚಿತ್ರ ಬರೆದ ಗೋಡೆಯಲ್ಲಿ ಅದೇ ಜಾಗದಲ್ಲಿ ಮೊಳೆ ಹೊಡೆದ ತೂತೂ ಸಿಕ್ಕಿದೆ, ಅದಕ್ಕೆ ದಾರ ಕಟ್ಟಿ ಗೆರೆ ಎಳೆದಿರಬೇಕು!

ಹಿಂದಕ್ಕೆ ಹೋಗುವ ಗೆರೆಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರುವ ಈ ಲೆಕ್ಕವನ್ನು (ಪರ್ಸ್‌ಪೆಕ್ಟಿವ್) ಫ್ಲಾರೆನ್ಸಿನಲ್ಲಿ ಮೊದಲು ಮಾಡಿ ತೋರಿಸಿದವನು ಬ್ರುನೆಲ್ಲೆಸ್ಕಿ. ಅವನು ಕಟ್ಟಡ ಕಟ್ಟುವವನು, ಅದೇ ನನಗೆ ಇಲ್ಲಿ ಮುಖ್ಯ ಅನ್ಸೋದು. 1419ರಲ್ಲಿ ಶುರುವಾದ ಅವನ ಅನಾಥಾಲಯದ ಮೊಗಸಾಲೆ ನೋಡಿ: ಕಂಬದ ಎತ್ತರ, ಎರಡು ಕಂಬದ ನಡುವಿನ ಅಂತರ, ಮೊಗಸಾಲೆಯ ಆಳ ಮೂರೂ ಒಂದೇ ಅಳತೆ. ಹೀಗೆ ಒಂದೇ ಅಳತೆ ಮತ್ತೆ ಮತ್ತೆ ಬಂದಾಗಲೇ ಅಲ್ವಾ, ದೂರ ಹೋದಂತೆ ಎಷ್ಟು ಚಿಕ್ಕದಾಗುತ್ತೆ ಅನ್ನೋದು ಕಣ್ಣಿಗೆ ಸಿಗೋದು? ಚಿತ್ರ ಬರೆಯುವವರಿಗೆ ಈ ಕ್ರಮವನ್ನು 1435ರಲ್ಲಿ ಆಲ್ಬರ್ಟಿ ಎಂಬ ವಿದ್ವಾಂಸ ಪುಸ್ತಕದಲ್ಲಿ ಬರೆದಿಟ್ಟ.

ಕೊಪ್ಪಳ ಕಡೆಯವರು ಮುಂದಿನ ಪಾಠವನ್ನು ಕುಕನೂರು ಹತ್ರದ ಇಟಗಿ ಮಹಾದೇವ ದೇವಸ್ಥಾನದಲ್ಲಿ ಮಾಡಿ. 1112ರ ಗುಡಿ ಅದು, ಇಟಲಿಯ ಈ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ, ನಮಗೆ ಬೇಕಿರೋದು ಅಲ್ಲಿನ ಸಾಲುಗಂಬ ಅಷ್ಟೆ. ಎರಡು ಸಾಲಿನ ನಡುವೆ ನಿಂತು, ಮೊಬೈಲನ್ನು ಕಣ್ಣಿನ ಎತ್ತರಕ್ಕೆ ನೇರ ಹಿಡಿದು ಒಂದು ಫೋಟೊ ತೆಗೆಯಿರಿ. ಆಮೇಲೆ ಅಲ್ಲೇ ಕೂತು ಇನ್ನೊಂದು. ಮನೆಗೆ ಬಂದು ಫೋಟೊ ಮೇಲೆ ಕಂಬಗಳ ತುದಿ, ಬುಡಗಳ ಸಾಲಿಗೆ ಗೆರೆ ಎಳೆದರೆ, ನೀವು ಕೂತ ಫೋಟೊದಲ್ಲಿ ಗೆರೆ ಸೇರುವ ಜಾಗವೂ ಕಂಬದ ಬುಡದ ಕಡೆಗೆ ಇಳಿದಿರುತ್ತೆ. ಕಂಬಗಳೇ ಮೇಲೆ ಒಂದಕ್ಕೊಂದು ವಾಲಿದ ಹಾಗೆ ಕಂಡರೆ ಮೊಬೈಲ್ ಹಿಂದಕ್ಕೆ ವಾಲಿತ್ತು ಅಂತ ಅರ್ಥ, ಆ ಫೋಟೊ ಬಿಟ್ಟು ಬೇರೆ ತೆಗೆಯಿರಿ.