ಅಯಾನುಗಳ ಸೂತ್ರ: ಬಾಯಿಪಾಠ ಬೇಡ, ಲೆಕ್ಕ ಸಾಕು

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರಿಗೆ ಒಂದು ಸಲಹೆ. ಅಯಾನುಗಳು, ಅಂದರೆ ಚಾರ್ಜ್ ಇರುವ ಕಣಗಳು, ಸೇರಿ ಆಗುವ ಸಂಯುಕ್ತಗಳ ಸೂತ್ರಗಳನ್ನು ಸುಮ್ನೆ ಉರು ಹೊಡೆಸಬೇಡಿ.

ಮೊದಲು ಹೊರಕವಚದ ಇಲೆಕ್ಟ್ರಾನ್ ಎಣಿಸಲಿ. ಅಲ್ಯೂಮಿನಿಯಂನ ಕವಚಗಳಲ್ಲಿ ಒಳಗಿನಿಂದ ಹೊರಗೆ 2, 8, 3. ಕೊನೆಯ ಮೂರನ್ನು ಬಿಟ್ಟುಕೊಡುತ್ತದೆ, ಆಗ ಅದರ ಚಾರ್ಜ್ ಪ್ಲಸ್ 3. ಆಕ್ಸಿಜನ್ 2, 6. ಎಂಟಾಗಲು ಎರಡು ಬೇಕು, ಹಾಗಾಗಿ ಮೈನಸ್ 2. ಒಟ್ಟು ಚಾರ್ಜ್ ಸೊನ್ನೆ ಆಗಬೇಕಲ್ವಾ? ಎರಡು ಅಲ್ಯೂಮಿನಿಯಂ ಸೇರಿ ಪ್ಲಸ್ 6, ಮೂರು ಆಕ್ಸಿಜನ್ ಸೇರಿ ಮೈನಸ್ 6. ಹಾಗಾಗಿ ಸೂತ್ರ Al₂O₃. ಒಂದರ ಚಾರ್ಜಿನ ಅಂಕಿಯನ್ನು ಇನ್ನೊಂದರ ಕೆಳಗೆ ಬರೆದು ಅದಲುಬದಲು ಮಾಡುವ ಸುಲಭ ದಾರಿ ಆಮೇಲೆ ಸಾಕು. ಅದನ್ನೇ ಮೊದಲು ಕಲಿಸಿದರೆ ಮೆಗ್ನೀಸಿಯಂ ಆಕ್ಸೈಡಿಗೂ 2, 2 ಬರೆದುಬಿಡುತ್ತಾರೆ. ಅಲ್ಲಿ ಬೇಕಾದ್ದು ಒಂದಕ್ಕೆ ಒಂದು.

ಸೂತ್ರದಲ್ಲಿ ಬ್ರಾಕೆಟ್ ಹಾಕುವುದನ್ನು ಕಲಿಸಲು ನಮ್ಮ ಅಡಿಕೆ ತೋಟಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮದ್ದೇ ಒಳ್ಳೆಯ ಉದಾಹರಣೆ. ಮೈಲುತುತ್ತಿನಲ್ಲಿ ಕಾಪರ್ ಪ್ಲಸ್ 2, ಸಲ್ಫೇಟ್ ಮೈನಸ್ 2. ಬ್ರಾಕೆಟ್ ಬೇಡ. ನೀರು ಹಾಕಿ ಅರಳಿಸಿದ ಸುಣ್ಣದಲ್ಲಿ ಕ್ಯಾಲ್ಸಿಯಂ ಪ್ಲಸ್ 2, ಹೈಡ್ರಾಕ್ಸೈಡ್ ಮೈನಸ್ 1. ಹೈಡ್ರಾಕ್ಸೈಡ್ ಎರಡು ಬೇಕು. ಅದನ್ನು ಇಡಿಯಾಗಿ ಬ್ರಾಕೆಟಿನೊಳಗೆ ಹಾಕಿ ಹೊರಗೆ 2 ಬರೆಯಬೇಕು. ಬ್ರಾಕೆಟ್ ಬಿಟ್ಟರೆ ಆ 2 ಹೈಡ್ರೋಜನ್‌ಗೆ ಮಾತ್ರ ಸೇರುತ್ತದೆ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ಕಬ್ಬಿಣ, ತಾಮ್ರಗಳಿಗೆ ಹೊರಕವಚದ ಲೆಕ್ಕ ಸಾಲದು. ಕಬ್ಬಿಣಕ್ಕೆ ಪ್ಲಸ್ 2, ಪ್ಲಸ್ 3 ಎರಡೂ ಉಂಟು. ಹೆಸರಿನ ಜೊತೆ ಕೊಟ್ಟ ರೋಮನ್ ಅಂಕಿ (II, III) ನೋಡಿಯೇ ಚಾರ್ಜ್ ಬರೆಯಲಿ.