ನೆಕ್ಸ್ಟ್ ಜೆಎಸ್ ತಾಣಕ್ಕೆ ಸ್ಟೈಲ್‌ಎಕ್ಸ್ ಅಳವಡಿಸಿದ ಬಗೆ

ಕನ್ನಡ ಲೇಖನಗಳಿಗಾಗಿ ನಾನು ನೆಕ್ಸ್ಟ್ ಜೆಎಸ್‌ನಲ್ಲಿ (ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಮೇಲೆ ತಾಣ ಕಟ್ಟುವ ಚೌಕಟ್ಟು) ಕಟ್ಟಿರುವ ಜಾಲತಾಣದ ಶೈಲಿಗಳೆಲ್ಲ ಮೊದಲು ಬ್ರೌಸರ್‌ನಲ್ಲಿ, ಪುಟ ತೆರೆದುಕೊಳ್ಳುವಾಗಲೇ ತಯಾರಾಗುತ್ತಿದ್ದವು. ಪುಟಗಳನ್ನು ರಿಯಾಕ್ಟ್ ಸರ್ವರ್ ಕಾಂಪೊನೆಂಟ್‌ಗಳಾಗಿ, ಅಂದರೆ ಸರ್ವರ್‌ನಲ್ಲೇ ಸಿದ್ಧವಾಗುವ ಪುಟದ ತುಣುಕುಗಳಾಗಿ, ಬದಲಿಸಲು ಹೊರಟಾಗ ಆ ಪದ್ಧತಿ ಅಡ್ಡಬಂತು. ಥೀಮ್‌ನ ಬಣ್ಣಗಳು ರಿಯಾಕ್ಟ್ ಕಾಂಟೆಕ್ಸ್ಟ್ (ಮೇಲಿನ ಕಾಂಪೊನೆಂಟ್‌ನಿಂದ ಒಳಗಿನವುಗಳಿಗೆ ಮಾಹಿತಿ ಹಂಚುವ ಸೌಲಭ್ಯ) ಮೂಲಕ ಹರಿದುಬರುತ್ತಿದ್ದವು, ಸರ್ವರ್ ಕಾಂಪೊನೆಂಟ್‌ಗಳಿಗೆ ಕಾಂಟೆಕ್ಸ್ಟ್ ಸಿಗುವುದಿಲ್ಲ. ಶೈಲಿಯನ್ನು ಜಾವಾಸ್ಕ್ರಿಪ್ಟ್‌ನಲ್ಲೇ ಬರೆದು, ಬಿಲ್ಡ್ ಹಂತದಲ್ಲಿ (ತಾಣವನ್ನು ಪ್ರಕಟಿಸುವ ಮೊದಲು ಕಡತಗಳನ್ನು ಸಿದ್ಧಪಡಿಸುವಾಗ) ಸಾದಾ ಸಿಎಸ್ಎಸ್ (ಬ್ರೌಸರ್ ಓದುವ ಶೈಲಿಯ ಭಾಷೆ) ಆಗಿ ಹೊರತೆಗೆಯುವ ಸಾಧನ ಬೇಕಾಗಿತ್ತು. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ 2023ರ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಸ್ಟೈಲ್‌ಎಕ್ಸ್ ಅನ್ನು ಆರಿಸಿಕೊಂಡೆ.

ಆಯ್ಕೆಗೆ ಮುಖ್ಯ ಕಾರಣ ಅದರ ಅಣುರೂಪದ ಕ್ಲಾಸ್‌ಗಳು (ಪುಟದ ಅಂಶಕ್ಕೆ ಶೈಲಿ ಅಂಟಿಸುವ ಹೆಸರುಗಳು). ಒಂದು ಗುಣ ಮತ್ತು ಅದರ ಬೆಲೆ ಸೇರಿ ಒಂದು ಕ್ಲಾಸ್ ಆಗುತ್ತದೆ; ಅದೇ ಜೋಡಿ ತಾಣದಲ್ಲಿ ಎಷ್ಟು ಕಡೆ ಬಂದರೂ ಸಿಎಸ್ಎಸ್ ಕಡತದಲ್ಲಿ ಒಂದೇ ನಿಯಮ ಇರುತ್ತದೆ. ಹಳೆಯ ಫೇಸ್‌ಬುಕ್ ತಾಣದ ಮುಖಪುಟ 400 ಕಿಲೋಬೈಟ್‌ಗೂ ಹೆಚ್ಚು ಸಂಕುಚಿತ ಸಿಎಸ್ಎಸ್ ತರಿಸಿಕೊಂಡು, ಮೊದಲ ಚಿತ್ರಣಕ್ಕೆ ಅದರ ಶೇ. 10ರಷ್ಟನ್ನು ಮಾತ್ರ ಬಳಸುತ್ತಿತ್ತು. 2020ರ ಮರುನಿರ್ಮಾಣದಲ್ಲಿ ಮುಖಪುಟದ ಸಿಎಸ್ಎಸ್ ಶೇ. 80ರಷ್ಟು ಇಳಿದದ್ದು ಈ ವಿಧಾನದಿಂದ.

ಅಳವಡಿಕೆಯಲ್ಲಿ ಎರಡು ಪ್ಲಗಿನ್‌ಗಳ ಪಾತ್ರವಿದೆ. ಜಾವಾಸ್ಕ್ರಿಪ್ಟನ್ನು ಮಾರ್ಪಡಿಸುವ ಬೇಬಲ್ ಎಂಬ ಕಂಪೈಲರ್‌ನ ಪ್ಲಗಿನ್ ಅದರೊಳಗಿನ ಶೈಲಿಯನ್ನು ಕ್ಲಾಸ್ ಹೆಸರುಗಳಾಗಿ ಮಾರ್ಪಡಿಸುತ್ತದೆ. ಸಿಎಸ್ಎಸ್ ಕಡತಗಳನ್ನು ಸಂಸ್ಕರಿಸುವ ಪೋಸ್ಟ್‌ಸಿಎಸ್ಎಸ್ ಸಾಧನದ ಪ್ಲಗಿನ್ ಅವೇ ಕಡತಗಳನ್ನು ತಾನೂ ಓದಿ, ಸಿಎಸ್ಎಸ್ ಕಡತದಲ್ಲಿ ನಾವು ಗುರುತು ಮಾಡಿಟ್ಟ ಜಾಗದಲ್ಲಿ ನಿಯಮಗಳನ್ನು ತುಂಬುತ್ತದೆ. ಇವೆರಡೂ ಪರಸ್ಪರ ಮಾತಾಡಿಕೊಳ್ಳುವುದಿಲ್ಲ. ಒಂದೇ ಸಂರಚನೆಯಿಂದ ಹೊರಟರೆ ಒಂದೇ ಉತ್ತರಕ್ಕೆ ಬರುತ್ತವೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆದ್ದರಿಂದ ಬೇಬಲ್‌ನ ಪ್ಲಗಿನ್ ಪಟ್ಟಿಯನ್ನು ಒಂದೇ ಕಡತದಲ್ಲಿಟ್ಟು, ಪೋಸ್ಟ್‌ಸಿಎಸ್ಎಸ್ ಸಂರಚನೆಯೂ ಅದನ್ನೇ ಎರವಲು ಪಡೆಯುವಂತೆ ಮಾಡಿದೆ. ಥೀಮ್‌ನ ವಿಷಯದಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಕಂಪೈಲರ್ ಒಂದು ಸಲಕ್ಕೆ ಒಂದೇ ಕಡತವನ್ನು ನೋಡುತ್ತದೆ. ಬಣ್ಣದ ಚರಾಕ್ಷರ ಬೇರೆ ಕಡತದಲ್ಲಿದ್ದರೆ ಅದನ್ನು ತೆರೆಯದೆ, ಆ ಕಡತದ ಹಾದಿ ಮತ್ತು ರಫ್ತಾದ ಹೆಸರಿನಿಂದಲೇ ಸಿಎಸ್ಎಸ್ ಚರಾಕ್ಷರದ ಹೆಸರನ್ನು ಲೆಕ್ಕ ಹಾಕುತ್ತದೆ. ಅಂಥ ಕಡತಗಳ ಹೆಸರಿನ ಕೊನೆಗೆ ಸ್ಟೈಲ್‌ಎಕ್ಸ್ ಎಂಬ ಗುರುತು ಇರಲೇಬೇಕೆಂಬ ನಿಯಮ ಇದೇ ಕಾರಣಕ್ಕೆ ಬಂದಿದೆ. ಯೋಜನೆಯ ಮೂಲ ಫೋಲ್ಡರ್ ಯಾವುದು ಎಂಬುದರಲ್ಲಿ ಎರಡು ಪ್ಲಗಿನ್‌ಗಳಿಗೆ ಭಿನ್ನಾಭಿಪ್ರಾಯ ಬಂದರೆ ಹೆಸರುಗಳು ಬೇರೆಯಾಗುತ್ತವೆ, ಬಿಲ್ಡ್ ದೂರು ಹೇಳದೆ ಮುಗಿಯುತ್ತದೆ, ಪುಟದಲ್ಲಿ ಬಣ್ಣ ಮಾತ್ರ ಇರುವುದಿಲ್ಲ.

ಬೇಬಲ್ ಸಂರಚನೆ ಇಟ್ಟುಕೊಂಡಿದ್ದಕ್ಕೆ ಒಂದು ಬೆಲೆ ತೆರಬೇಕಾಯಿತು. ನೆಕ್ಸ್ಟ್ ಜೆಎಸ್‌ನ ಅಂತರ್ಗತ ಫಾಂಟ್ ಸೌಲಭ್ಯಕ್ಕೆ ಎಸ್‌ಡಬ್ಲ್ಯುಸಿ ಎಂಬ, ಬೇಬಲ್‌ಗೆ ಪರ್ಯಾಯವಾದ ಕಂಪೈಲರ್ ಬೇಕು. ಆಗ ಬೇಬಲ್ ಬಂದರೆ ಅದು ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ತಾಣದಲ್ಲೇ ಇರಿಸಿ, ಅದರ ಘೋಷಣೆಯನ್ನು ಕೈಯಾರೆ ಬರೆದೆ. ಯೂನಿಕೋಡ್ ವ್ಯಾಪ್ತಿಯಲ್ಲಿ ಕನ್ನಡದ 0ಸಿ80ರಿಂದ 0ಸಿಎಫ್ಎಫ್‌ವರೆಗಿನ ಭಾಗದ ಜೊತೆಗೆ, ಅಕ್ಷರಗಳನ್ನು ಬಿಡಿಸುವ ಮತ್ತು ಕೂಡಿಸುವ 200ಸಿ, 200ಡಿ ಎಂಬ ಅಗೋಚರ ಸಂಕೇತಗಳನ್ನೂ ಸೇರಿಸಿದೆ.

ನಾನು ಹೆಚ್ಚು ಸಮಯ ಕೊಟ್ಟದ್ದು ಪದರಗಳಿಗೆ, ಅಂದರೆ ಸಿಎಸ್ಎಸ್ ನಿಯಮಗಳನ್ನು ಆದ್ಯತೆಯ ಕ್ರಮದಲ್ಲಿ ಗುಂಪುಮಾಡುವ ಲೇಯರ್‌ಗಳಿಗೆ. ಪ್ಲಗಿನ್‌ನಲ್ಲಿ ಸಿಎಸ್ಎಸ್ ಲೇಯರ್ ಆಯ್ಕೆಯನ್ನು ತೆರೆದರೆ ಸ್ಟೈಲ್‌ಎಕ್ಸ್‌ನ ನಿಯಮಗಳು ಪದರದೊಳಗೆ ಸೇರುತ್ತವೆ, ಪದರದ ಹೊರಗಿರುವ ನಿಯಮಗಳು ಅವುಗಳನ್ನು ಯಾವಾಗಲೂ ಸೋಲಿಸುತ್ತವೆ. ಕೊಂಡಿಗಳ ಬಣ್ಣವನ್ನು ತೆಗೆಯುವ ಒಂದೇ ಸಾಲಿನ ರೀಸೆಟ್ (ಬ್ರೌಸರ್‌ನ ಪೂರ್ವನಿಗದಿತ ಶೈಲಿಯನ್ನು ಅಳಿಸುವ ನಿಯಮ) ಹೊರಗುಳಿದರೂ ಸಾಕು, ಕೊಂಡಿಗೆ ಕೊಟ್ಟ ಬಣ್ಣ ಕಾಣುವುದೇ ಇಲ್ಲ. ಅದಕ್ಕಾಗಿ ಇಡೀ ರೀಸೆಟ್ ಅನ್ನು ಮೊದಲೇ ಘೋಷಿಸಿದ ಬೇರೊಂದು ಪದರಕ್ಕೆ ಸೇರಿಸಿದೆ.

ಇಷ್ಟಾದ ಮೇಲೆ ದೊರೆತ ಫಲ ಸಾಲುಗಳ ಅಂತರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯ ಪಠ್ಯದ ಶೈಲಿಯಲ್ಲಿ ಸಾಲಿನ ಎತ್ತರ 1.5 ಇದೆ, ಕನ್ನಡಕ್ಕೆ ಅದು ಸಾಲದು, ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತೀರಾ ಹತ್ತಿರ ಬರುತ್ತವೆ. ಕನ್ನಡದ ಶೈಲಿಯಲ್ಲಿ 1.8 ಎಂದು ಬರೆದು, ಎರಡನ್ನೂ ಕಾಂಪೊನೆಂಟ್‌ಗೆ ಅನುಕ್ರಮವಾಗಿ ಕೊಟ್ಟರೆ ನಂತರದ್ದೇ ಗೆಲ್ಲುತ್ತದೆ, ಸಿಎಸ್ಎಸ್ ಕಡತದಲ್ಲಿ ಯಾವ ನಿಯಮ ಮೊದಲಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಶೈಲಿಗಳು ಅದೇ ಕಡತದಲ್ಲಿದ್ದರೆ ಈ ತೀರ್ಮಾನ ಬಿಲ್ಡ್‌ನಲ್ಲೇ ಮುಗಿದು, ಬ್ರೌಸರ್‌ಗೆ ಬರಿಯ ಕ್ಲಾಸ್ ಹೆಸರುಗಳು ಹೋಗುತ್ತವೆ.

ಮಾರ್ಕ್‌ಡೌನ್‌ನಿಂದ (ಸರಳ ಗುರುತುಗಳಿಂದ ಪಠ್ಯ ಬರೆಯುವ ಪದ್ಧತಿ) ಹುಟ್ಟುವ ಲೇಖನದ ಒಡಲನ್ನು ಮಾತ್ರ ಸ್ಟೈಲ್‌ಎಕ್ಸ್‌ಗೆ ತರಲಿಲ್ಲ. ಅಲ್ಲಿನ ಪ್ಯಾರಾ, ಪಟ್ಟಿ, ಉಲ್ಲೇಖಗಳಿಗೆ ಹೊರಗಿನ ಅಂಶದ ಮೂಲಕವೇ ಶೈಲಿ ತಲುಪಬೇಕು. ಅಂಥ ಒಳಹೊಕ್ಕು ಆಯ್ಕೆಗಳನ್ನು ಈ ಸಾಧನ ಉದ್ದೇಶಪೂರ್ವಕವಾಗಿಯೇ ದೂರವಿಟ್ಟಿದೆ, ಆ ನಿಲುವು ಸರಿಯೆಂದೇ ನನ್ನ ಅಭಿಪ್ರಾಯ. ಆ ಭಾಗ ಸಾದಾ ಸಿಎಸ್ಎಸ್‌ನಲ್ಲಿ, ರೀಸೆಟ್‌ನ ನಂತರದ ಪದರದಲ್ಲಿ ಉಳಿದಿದೆ. ಬಣ್ಣಗಳಿಗೆ ಮಾತ್ರ ಥೀಮ್‌ನ ಚರಾಕ್ಷರಗಳನ್ನು ಹೊರಗಿನ ಕಾಂಪೊನೆಂಟ್ ಒದಗಿಸುತ್ತದೆ.