350 ರೂಪಾಯಿ ರೇಡಾರ್‌ಗೆ ಗದಗದ ಫ್ಯಾನು ಸಿಕ್ಕಿತು

ಎಚ್‌ಬಿ100 ಅಂದ್ರೆ ಚಲನೆ ಹಿಡಿಯುವ ಪುಟ್ಟ ರೇಡಾರ್ ಮಾಡ್ಯೂಲ್. ಅದರಿಂದ ಗದಗದ ವಿಂಡ್‌ಮಿಲ್ ಫ್ಯಾನಿನ ರೆಕ್ಕೆ ಹಿಡೀತೀನಿ ಅಂದಾಗ, ‘ಎಚ್‌ಬಿ100 ಇಟ್ಕೊಂಡು ವಿಂಡ್‌ಮಿಲ್ ನೋಡ್ತೀಯಾ? ಅದಕ್ಕೆ 20 ಮೀಟರ್ ಆಚೆ ಮನುಷ್ಯನೇ ಕಾಣಲ್ಲ’ ಅಂತ ಒಬ್ಬ ಗೆಳೆಯ ನಕ್ಕಿದ್ದ. ಇನ್ನೊಬ್ಬ, ‘ರೆಕ್ಕೆ ಫೈಬರ್ ಕಣೋ, ಲೋಹ ಅಲ್ಲ’ ಅಂದಿದ್ದ. ರೆಕಾರ್ಡಿಂಗ್ ಕೇಳಿಸಿದ ಮೇಲೆ ಇಬ್ಬರೂ ಸುಮ್ನಾಗಿದ್ದಾರೆ. ಹೆಚ್ಚು ಕಡಿಮೆ 150 ಮೀಟರ್ ದೂರದಿಂದ ರೆಕ್ಕೆ ಬೀಸೋದು ಹೆಡ್‌ಫೋನ್‌ನಲ್ಲಿ ಸರಕ್ ಸರಕ್ ಅನ್ನುತ್ತೆ. ಫೈಬರ್ ಕೂಡ ಅಲೆ ವಾಪಸ್ ಕಳಿಸುತ್ತೆ, ಒಳಗೆ ಸಿಡಿಲನ್ನು ನೆಲಕ್ಕಿಳಿಸುವ ಲೋಹದ ತಂತಿ ಬೇರೆ ಇರುತ್ತೆ.

ಮೊದಲ ಎರಡು ತಿಂಗಳು ಹಾಳಾಗಿದ್ದು ಆಂಪ್ಲಿಫೈಯರ್‌ನಿಂದ. ರೇಡಾರ್‌ನ ಸಣ್ಣ ಸಿಗ್ನಲ್ ದೊಡ್ಡದು ಮಾಡೋಕೆ ಎಲ್ಲರೂ ಕಟ್ಟುವ ಎಲ್‌ಎಂ358 ಚಿಪ್‌ನ ಸರ್ಕ್ಯೂಟನ್ನೇ ಕಟ್ಟಿದ್ದೆ. ಅದು ಬಾಗಿಲ ಮುಂದೆ ಓಡಾಡುವವರನ್ನು ಹಿಡಿಯೋಕೆ ಮಾಡಿದ್ದು, 80 ಹರ್ಟ್ಸ್ ಆಸುಪಾಸಿಗಿಂತ ಮೇಲಿನದನ್ನೆಲ್ಲ ಕತ್ತರಿಸಿಬಿಡುತ್ತೆ. ಓಡುವ ವಸ್ತುವಿಗೆ ಬಡಿದು ವಾಪಸ್ ಬಂದ ಅಲೆಯ ಕಂಪನ ಅದರ ವೇಗಕ್ಕೆ ತಕ್ಕಂತೆ ಬದಲಾಗುತ್ತೆ. ಈ ಮಾಡ್ಯೂಲ್‌ನ 10.525 ಗಿಗಾಹರ್ಟ್ಸ್ ಅಲೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಆ ವ್ಯತ್ಯಾಸ ಸುಮಾರು 70 ಹರ್ಟ್ಸ್. ರೆಕ್ಕೆಯ ತುದಿ ಸೆಕೆಂಡಿಗೆ 70 ಮೀಟರ್ ಓಡುತ್ತೆ. ನನಗೆ ಬೇಕಿದ್ದದ್ದು 5 ಕಿಲೋಹರ್ಟ್ಸ್! ಎನ್‌ಇ5532 ಅನ್ನೋ ಬೇರೆ ಆಂಪ್ಲಿಫೈಯರ್ ಚಿಪ್ ಹಾಕಿ ಕೆಪಾಸಿಟರ್ ಬದಲಿಸಿದೆ. ನಡುವೆ 5 ವೋಲ್ಟ್ ಮಾಡ್ಯೂಲ್‌ಗೆ 9 ವೋಲ್ಟ್ ಕೊಟ್ಟು ಎರಡನ್ನು ಸುಟ್ಟೆ. ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಒಟ್ಟು 3,000 ರೂಪಾಯಿ ಕೊಟ್ಟಿರಬಹುದು. ಬೈಕಿನ ಪೆಟ್ರೋಲ್ ಲೆಕ್ಕ ಹೆಂಡತಿಗೆ ಹೇಳಿಲ್ಲ.

ಅಲೆಯನ್ನು ಒಂದೇ ಕಡೆಗೆ ಕಳಿಸುವ, ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟಿನ ಹಾರ್ನ್ ನಾನೇ ಮಡಚಿದ್ದು. ಅದರ ಒಳಗೆ ಏನು ಅಂಟಿಸಿದೆ ಅಂತ ಕೇಳಬೇಡಿ, ಸದ್ಯಕ್ಕೆ ಹೇಳಲ್ಲ.

ಮೊದಲ ದಿನ ಫ್ಯಾನಿನ ಎದುರಿಗೇ ನಿಂತೆ, ಮುಖಕ್ಕೆ ಗಾಳಿ ಹೊಡೆಯೋ ಹಾಗೆ. ಏನೂ ಬರಲಿಲ್ಲ. ಎದುರಿಂದ ನೋಡಿದರೆ ರೆಕ್ಕೆ ಅಡ್ಡ ಓಡುತ್ತೆ, ನಮ್ಮ ಕಡೆ ಬರೋದೇ ಇಲ್ಲ ಅಲ್ವಾ? ಪಕ್ಕದ ಈರುಳ್ಳಿ ಹೊಲಕ್ಕೆ ಹೋದೆ. ಹೊಲದವರು ಬಂದು, ‘ಏನ್ರೀ ಸರ, ಫ್ಯಾನಿಗೆ ಇಸಿಜಿ ತಗಿಯಾಕತ್ತೀರೇನ್ರೀ?’ ಅಂದರು. ಲ್ಯಾಪ್‌ಟಾಪ್ ಪರದೆ ನಿಜಕ್ಕೂ ಹಾಗೇ ಇತ್ತು. ಒಂದು ಸುತ್ತಿಗೆ 6 ಉದ್ದ ಗೆರೆ. 3 ರೆಕ್ಕೆ, ಒಂದೊಂದೂ ಮೇಲೆ ನೆಟ್ಟಗಾದಾಗ ಒಂದು, ಕೆಳಗೆ ಬಂದಾಗ ಒಂದು. ಆ ಗೆರೆ ಅಂದ್ರೆ ಅಲೆ ಒಮ್ಮೆಲೇ ಜೋರಾಗಿ ವಾಪಸ್ ಬರುವ ಮಿಂಚು. ನಿಮಿಷಕ್ಕೆ 15 ಸುತ್ತು ಅಂದ್ರೆ 90 ಮಿಂಚು.

ದೊಡ್ಡ ರೇಡಾರ್‌ಗಳ ತಲೆನೋವೂ ಇದೇ. ಕಂಬ ನಿಂತೇ ಇರುತ್ತೆ, ಅಲುಗಾಡದ್ದನ್ನೆಲ್ಲ ಫಿಲ್ಟರ್ ಅಳಿಸುತ್ತೆ. ರೆಕ್ಕೆಯ ತುದಿ ಸಣ್ಣ ವಿಮಾನದಷ್ಟು ಜೋರಾಗಿ ಓಡುತ್ತೆ, ಅದನ್ನು ಹೇಗೆ ಅಳಿಸೋದು? ಹವಾಮಾನ ರೇಡಾರ್‌ನಲ್ಲಂತೂ ಮಳೆ ಥರ ಕಾಣುತ್ತೆ. ಅಮೆರಿಕದ ಆರೆಗನ್‌ನಲ್ಲಿ 2010ರಲ್ಲಿ ಶೆಫರ್ಡ್ಸ್ ಫ್ಲಾಟ್ ಅನ್ನೋ ಗಾಳಿ ವಿದ್ಯುತ್ ಯೋಜನೆಯೇ ಸೇನೆಯ ರೇಡಾರ್‌ಗೆ ತೊಂದರೆ ಅಂತ ಸ್ವಲ್ಪ ಕಾಲ ನಿಂತಿತ್ತು.

ಮಧ್ಯೆ ಮನೆಯ ಟೇಬಲ್ ಫ್ಯಾನಿನ ಒಂದು ರೆಕ್ಕೆಗೆ ಅಡುಗೆಮನೆ ಫಾಯಿಲ್ ಸುತ್ತಿ ನೋಡಿದೆ. ಫಾಯಿಲ್ ಕಿತ್ತು ಹಾರಿ ಸಾಂಬಾರಿಗೆ ಬಿತ್ತು. ಆ ಪ್ರಯೋಗ ಅಲ್ಲಿಗೆ ಬಂದ್.

ಫ್ಯಾನನ್ನು ಅಳಿಸಿ ಅದರ ಹತ್ತಿರ ಓಡುವ ಬೇರೆ ವಸ್ತು ಕಾಣಿಸೋಕೆ ಕೊನೆಗೆ ಮಾಡಿದ್ದು ಸರಳ. ಮಿಂಚಿನ ಕ್ಷಣಗಳನ್ನು ಪ್ರೋಗ್ರಾಂನಲ್ಲಿ ಕತ್ತರಿಸಿದೆ, ನಡುವಿನ ಖಾಲಿ ಜಾಗ ಮಾತ್ರ ಉಳಿಸಿಕೊಂಡೆ. ಕಾಲುದಾರಿಯಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಬಂದ ಬೈಕು 700 ಹರ್ಟ್ಸ್ ಹತ್ತಿರ ಗೆರೆಯಾಗಿ ಕಂಡಿತು. ಎಷ್ಟು ಅಗಲ ಕತ್ತರಿಸಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ನಿಜವಾದ ರೇಡಾರ್‌ಗೆ ಇದು ಇಷ್ಟು ಸುಲಭ ಅಲ್ಲ. ನನ್ನದು ಒಂದೇ ಕಡೆ ನೋಡ್ತಾ ಕೂತಿರುತ್ತೆ, ಅದು ತಿರುಗ್ತಾ ಇರುತ್ತೆ, ಒಂದು ಫ್ಯಾನಿನ ಮೇಲೆ ಕಣ್ಣಿಡೋದು ಒಂದು ಚೂರು ಹೊತ್ತು.

ಮಧ್ಯಾಹ್ನ ಗಾಳಿಯ ದಿಕ್ಕು ಬದಲಾಯಿತು. ಫ್ಯಾನಿನ ತಲೆ ನಿಧಾನಕ್ಕೆ ನನ್ನ ಕಡೆ ತಿರುಗಿತು, ಗೆರೆಗಳು ಮಂಕಾದವು. ಸ್ಟ್ಯಾಂಡ್, ಬ್ಯಾಟರಿ, ಹಾರ್ನ್ ಎಲ್ಲ ಹೊತ್ತುಕೊಂಡು ಈರುಳ್ಳಿ ತುಳಿಯದ ಹಾಗೆ ಬದುವಿನ ಮೇಲೆ ಆಚೆ ಬದಿಗೆ ನಡೆದೆ.